ನಾಯಿಯ ಚಿಗಟ, ಪರೇಲಿನ ಗಿನಿಪಿಗ್ ಮತ್ತು ಒಂದು ಮಾತ್ರೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಮೀಟಿಂಗ್ ಮಧ್ಯೆ ಮ್ಯೂಟ್ ಹಾಕ್ಕೊಂಡು ಓದೋರಿಗೆ, ಈ ಸಲದ ಮಾತಿನ ಬರಹ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೀನಿ.

ಇದು ಶುರುವಾಗಿದ್ದು ನಮ್ಮ ಮನೆಯಲ್ಲೇ. ಪುಣೆಯ ವಾಕಡ್‌ನಲ್ಲಿ ನಮ್ಮ ಜೊತೆ ಕರಿಯ ಅನ್ನೋ ನಾಯಿ ಇದ್ದಾನೆ. ಜಾತಿ ನಾಯಿ ಅಲ್ಲ, ಬೀದಿಯಿಂದ ಬಂದವನು. ಹೋದ ಮಳೆಗಾಲದಲ್ಲಿ ಅವನಿಗೆ ಚಿಗಟ ಹತ್ತಿತು. ರಾತ್ರಿಯೆಲ್ಲ ಕೆರೆತ, ಬಾಲದ ಬುಡದಲ್ಲಿ ಕೂದಲು ಉದುರಿ ಕೆಂಪು ಕೆಂಪು. ನಾನು ಏನ್ ಮಾಡಿದೆ? ಡಾಕ್ಟರ ಹತ್ರ ಹೋಗದೆ ಫೋನಲ್ಲೇ ಅಗಿಯುವ ಮಾತ್ರೆ ತರಿಸಿ, ಮಾಂಸದ ತುಂಡು ಅಂತ ನಂಬಿಸಿ ತಿನ್ನಿಸಿದೆ. ಮಾರನೇ ದಿನ ಸಂಜೆ ನೀರಿನ ಬಟ್ಟಲಿನ ಹತ್ರ ನಿಂತವನಿಗೆ ಹಿಂಗಾಲು ನಡುಗಿತು, ಬಿದ್ದ, ಬಾಯಲ್ಲಿ ನೊರೆ. ಒಂದು ನಿಮಿಷ ಇರಬಹುದು. ನನಗೆ ಅರ್ಧ ಗಂಟೆ ಅನ್ನಿಸಿತು. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಅದಕ್ಕೆ ಎಂತ ಕೊಟ್ಟೆ ಮಾರಾಯ?"

ಪೆಟ್ಟಿಗೆಯೊಳಗಿನ ಚೀಟಿಯನ್ನ ಬಿಡಿಸಿ ಓದಿದ್ದು ಆಮೇಲೆ. ಹಿಂದೆ ಫಿಟ್ಸ್ ಬಂದಿದ್ದ ನಾಯಿಗೆ ಎಚ್ಚರಿಕೆಯಿಂದ ಕೊಡಿ ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. ಕರಿಯನಿಗೆ ಮರಿಯಾಗಿದ್ದಾಗ ಒಂದು ಸಲ ಬಂದಿತ್ತು. ನನಗೆ ಗೊತ್ತಿತ್ತು, ಮರೆತಿದ್ದೆ.

ಅವತ್ತು ರಾತ್ರಿ ನಿದ್ದೆ ಬರದೆ ಓದೋಕೆ ಕೂತೆ. ಚಿಗಟದ ಮದ್ದಿನ ಕತೆ ಹುಡುಕ್ತಾ ಹೋದವನು ಬಂದು ನಿಂತಿದ್ದು ಬೆಂಗಳೂರಿನಲ್ಲಿ, 1898ರ ಆಗಸ್ಟ್‌ನಲ್ಲಿ. ಆ ತಿಂಗಳು ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳನ್ನು ಬಿಟ್ಟು ಜನ ಹೋಗಿ ನೆಲೆಸಿದ್ದೇ ಮಲ್ಲೇಶ್ವರ, ಬಸವನಗುಡಿ. ಪ್ಲೇಗಮ್ಮನ ಗುಡಿಗಳು ಎದ್ದದ್ದೂ ಆಗಲೇ. ಅದೇ ವರ್ಷ ಜೂನ್‌ನಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಅನ್ನೋ ಫ್ರೆಂಚ್ ವೈದ್ಯ ಒಂದು ಪ್ರಯೋಗ ಮಾಡಿ, ರೋಗವನ್ನ ಇಲಿಯಿಂದ ಇಲಿಗೆ ದಾಟಿಸೋದು ಚಿಗಟ ಅಂದ. ಹೆಚ್ಚಿನವರು ನಂಬಲಿಲ್ಲ.

ನಂಬಿಸಿದ್ದು ಮುಂಬೈ. 1905ರ ನಂತರ ಪರೇಲಿನ ಪ್ರಯೋಗಾಲಯದಲ್ಲಿ, ಅಂದ್ರೆ ಇವತ್ತಿನ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್‌ನಲ್ಲಿ, ಪ್ಲೇಗ್ ಆಯೋಗದವರು ಗಿನಿಪಿಗ್‌ಗಳನ್ನ ಗೂಡಲ್ಲಿಟ್ಟು ನೇತುಹಾಕಿದರು. ನೆಲದಿಂದ 2 ಇಂಚು ಮೇಲಿದ್ದವಕ್ಕೆ ರೋಗ ಬಂತು, 2 ಅಡಿ ಮೇಲಿದ್ದವಕ್ಕೆ ಬರಲಿಲ್ಲ. ಚಿಗಟ ಅಷ್ಟೆತ್ತರ ಹಾರೋದಿಲ್ಲ, ಅಷ್ಟೇ ವ್ಯತ್ಯಾಸ. ಮುಂಬೈನಲ್ಲಿರೋ ನಮ್ಮವರು ಪರೇಲ್ ದಾಟುವಾಗ ಇದನ್ನ ನೆನೆಸಿಕೊಳ್ಳಿ. ಅದು ಇಲಿ ಚಿಗಟ, ನಮ್ಮ ಕರಿಯನ ಮೈಮೇಲಿದ್ದದ್ದು ಬೇರೆ ಜಾತಿ, ನಿಜ. ಆದರೆ ಚಿಗಟ ಅಂದರೆ ಬರೀ ತುರಿಕೆ ಅಲ್ಲ, ಕೊಲ್ಲಲೇಬೇಕಾದ ಶತ್ರು ಅನ್ನೋ ಭಾವನೆ ಜಗತ್ತಿಗೆ ಬಂದದ್ದು ಹೀಗೆ.

ಕೊಲ್ಲೋಕೆ ಆಗ ಇದ್ದದ್ದು ಹೂವಿನ ಪುಡಿ. ಸೇವಂತಿಗೆಯ ಹತ್ತಿರದ ನೆಂಟ ಒಂದು ಬಿಳಿ ಹೂವು, ಈಗಿನ ಕ್ರೊವೇಷಿಯಾದ ಡಾಲ್ಮೇಷಿಯಾ ಕರಾವಳಿಯದು. ಅದನ್ನ ಒಣಗಿಸಿ ಪುಡಿ ಮಾಡಿ 19ನೇ ಶತಮಾನದ ಯುರೋಪಿನಲ್ಲಿ ಹಾಸಿಗೆಗೂ ನಾಯಿಗೂ ಉದುರಿಸುತ್ತಿದ್ದರು. ಪೈರೆಥ್ರಮ್ ಅಂದರೆ ಅದೇ. ಜಪಾನಿನವರು ಅದನ್ನೇ ಸುರುಳಿ ಸುತ್ತಿ ಸೊಳ್ಳೆ ಬತ್ತಿ ಮಾಡಿದರು. ಬಿಸಿಲಿಗೆ ಬಿದ್ದರೆ ಬೇಗನೆ ಸತ್ವ ಹೋಗಿಬಿಡುತ್ತೆ. ಮಾರುವವರಿಗೆ ಅದು ದೋಷ. ನನ್ನ ಪ್ರಕಾರ ಗುಣವೂ ಅದೇ.

1939ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ ಡಿಡಿಟಿಯ ಶಕ್ತಿ ಕಂಡ. 1948ರಲ್ಲಿ ನೊಬೆಲ್ ಬಂತು. ಮನುಷ್ಯರ ಅಂಗಿಯೊಳಗೇ ಡಿಡಿಟಿ ಊದುತ್ತಿದ್ದ ಕಾಲ ಅದು, ನಾಯಿಯನ್ನ ಬಿಡ್ತಾರಾ? ನಮ್ಮ ಊರ ಕಡೆ ಅದರ ಜೊತೆ ಗಮಾಕ್ಸಿನ್ ಪುಡಿ. ನನ್ನ ಅಜ್ಜ ಕೊಟ್ಟಿಗೆಗೆ, ಕೋಳಿಗೂಡಿಗೆ, ನಾಯಿಯ ಬೆನ್ನಿಗೆ ಒಂದೇ ಡಬ್ಬದಿಂದ ಹಾಕುತ್ತಿದ್ದರಂತೆ. ನಾಯಿ ಮೈ ನೆಕ್ಕುತ್ತೆ, ಪುಡಿ ಹೊಟ್ಟೆಗೆ ಹೋಗುತ್ತೆ, ಕೊಬ್ಬಿನಲ್ಲಿ ಕೂರುತ್ತೆ. ಇತ್ತ ಚಿಗಟಗಳು ಬೇಗನೇ ಡಿಡಿಟಿಗೆ ಒಗ್ಗಿಕೊಂಡವು. 1962ರಲ್ಲಿ ರೇಚಲ್ ಕಾರ್ಸನ್ ಪುಸ್ತಕ ಬರೆದರು, 1972ರಲ್ಲಿ ಅಮೆರಿಕ ನಿಲ್ಲಿಸಿತು. ಗಮಾಕ್ಸಿನ್ ಅಂದರೆ ಬಿಎಚ್‌ಸಿ, ಅದು ಭಾರತದಲ್ಲಿ ನಿಷೇಧವಾಗಲು 1997 ಬರಬೇಕಾಯ್ತು.

ಅಷ್ಟರಲ್ಲಿ, 60ರ ದಶಕದಲ್ಲಿ, ಕೊರಳಪಟ್ಟಿ ಬಂದಿತ್ತು. ಪ್ಲಾಸ್ಟಿಕ್ಕಿನೊಳಗೆ ಡೈಕ್ಲೋರ್‌ವಾಸ್ ಸೇರಿಸಿ, ಅದು ನಿಧಾನವಾಗಿ ಆವಿಯಾಗಿ ಚಿಗಟ ಸಾಯಲಿ ಅಂತ. ನಮ್ಮ ರೈತರಿಗೆ ನುವಾನ್ ಅಂದರೆ ತಟ್ಟನೆ ಗೊತ್ತಾಗುತ್ತೆ, ಅದೇ ವಿಷ. ಆರ್ಗನೋಫಾಸ್ಫೇಟ್ ಕುಟುಂಬದ್ದು, ಅಂದರೆ 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತಾ ಹೋಗಿ ಯುದ್ಧದ ನರವಿಷ ಕಂಡುಹಿಡಿದ ಅದೇ ಕುಟುಂಬ. ಹೆಚ್ಚಾದರೆ ನಾಯಿಗೆ ಜೊಲ್ಲು, ನಡುಕ, ಉಸಿರಾಟದ ತೊಂದರೆ. ಆ ಪಟ್ಟಿ ಕಟ್ಟಿದ ನಾಯಿಯನ್ನ ಮಕ್ಕಳು ತಬ್ಬಿಕೊಂಡು ಮಲಗುತ್ತಿದ್ದರು! ಭಾರತದಲ್ಲಿ ಡೈಕ್ಲೋರ್‌ವಾಸ್ ನಿಂತಿದ್ದು 2020ರ ಕೊನೆಗೆ.

1973ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ತಂಡ ಮತ್ತೆ ಹೂವಿಗೆ ವಾಪಸ್ಸು ಹೋಗಿ, ಬಿಸಿಲಿಗೆ ಹಾಳಾಗದ ಕೃತಕ ರೂಪ ಮಾಡಿತು. ಪರ್ಮೆಥ್ರಿನ್. ನಾಯಿ ಸಾಮಾನ್ಯವಾಗಿ ತಡೆದುಕೊಳ್ಳುತ್ತೆ. ಬೆಕ್ಕು ತಡೆಯಲ್ಲ, ಅದರ ಪಿತ್ತಜನಕಾಂಗಕ್ಕೆ ಇದನ್ನ ಕರಗಿಸಿ ಹೊರಹಾಕುವ ಶಕ್ತಿ ಕಮ್ಮಿ. ಮನೆಯಲ್ಲಿ ಎರಡೂ ಇದ್ದು, ಬೆಕ್ಕು ನಾಯಿಯ ಪಕ್ಕ ಮಲಗುತ್ತೆ ಅಂದ್ರೆ ಹುಷಾರು. ನಾಯಿಯ ಮದ್ದಿನಲ್ಲಿ ಮಿಕ್ಕಿದ್ದನ್ನ ಬೆಕ್ಕಿಗೆ ಹಾಕೋ ಉಳಿತಾಯ ಮಾತ್ರ ಬೇಡವೇ ಬೇಡ.

90ರ ದಶಕದಲ್ಲಿ ಕತ್ತಿನ ಹಿಂದೆ ನಾಲ್ಕು ಹನಿ ಬಿಡುವ ಮದ್ದುಗಳು ಬಂದವು: ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್. ಎರಡನೆಯದರ ಕುಟುಂಬದ ಹೆಸರು ನಿಯೊನಿಕೊಟಿನಾಯ್ಡ್, ಅಂದರೆ ಹೊಸ ನಿಕೋಟಿನ್. ಇದನ್ನ ಅಮ್ಮನಿಗೆ ಹೇಳಿದಾಗ ನಕ್ಕುಬಿಟ್ಟಳು. ಅವಳ ಅತ್ತೆ ದನದ ಮೈಗೆ ಹಚ್ಚುತ್ತಿದ್ದದ್ದು ಹೊಗೆಸೊಪ್ಪು ನೆನೆಸಿದ ನೀರು! ಹಾಗಂತ ನೀವು ಹೊಗೆಸೊಪ್ಪಿನ ನೀರಿಗೆ ಇಳಿಯಬೇಡಿ. ಹಳೆಯ ನಿಕೋಟಿನ್ ಚರ್ಮದಿಂದಲೇ ಒಳಗಿಳಿದು ನಾಯಿಯನ್ನೂ ಕೊಲ್ಲಬಹುದು. ಹೊಸದು ಕೀಟದ ನರಕ್ಕೆ ಹೆಚ್ಚು ಅಂಟುತ್ತೆ, ನಾಯಿಯ ನರಕ್ಕೆ ಕಮ್ಮಿ. ರಸಾಯನಶಾಸ್ತ್ರ ನಿಜಕ್ಕೂ ಮುಂದೆ ಹೋಗಿದೆ, ಇದನ್ನ ಒಪ್ಪಲೇಬೇಕು.

ಆದರೆ ಹನಿ ಎಲ್ಲಿ ಹೋಗುತ್ತೆ? ನಾಯಿಗೆ ಸ್ನಾನ ಮಾಡಿಸಿದ ನೀರು ಚರಂಡಿಗೆ, ಅಲ್ಲಿಂದ ಹೊಳೆಗೆ. 2020ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ 20 ನದಿಗಳ ಲೆಕ್ಕ ತೆಗೆದಾಗ ಶೇ. 98 ಮಾದರಿಗಳಲ್ಲಿ ಫಿಪ್ರೊನಿಲ್, ಶೇ. 66ರಲ್ಲಿ ಇಮಿಡಾಕ್ಲೋಪ್ರಿಡ್ ಸಿಕ್ಕಿತು. ಹೊಲದಲ್ಲಿ ಜೇನಿಗೆ ಕೆಟ್ಟದ್ದು ಅಂತ ಯುರೋಪು ತಡೆದ ವಿಷಗಳು, ಸಾಕುಪ್ರಾಣಿಯ ಬೆನ್ನೇರಿ ನೀರಿಗೆ ಇಳಿದಿದ್ದವು.

ಈಗಿನ ಅಗಿಯುವ ಮಾತ್ರೆಗಳು ಐಸಾಕ್ಸಜೋಲಿನ್ ಗುಂಪಿನವು. 2013ರಿಂದ ಒಂದೊಂದಾಗಿ ಬಂದವು: ಅಫಾಕ್ಸೊಲೇನರ್, ಫ್ಲುರಾಲೇನರ್, ಸರೋಲೇನರ್, ಲೊಟಿಲೇನರ್. ಮದ್ದು ರಕ್ತದಲ್ಲಿರುತ್ತೆ, ಕಚ್ಚಿದ ಚಿಗಟ, ಉಣುಗು ಎರಡೂ ಸಾಯುತ್ತವೆ. ಕೆಲವದು ಒಂದು ತಿಂಗಳು, ಫ್ಲುರಾಲೇನರ್ ಸುಮಾರು 12 ವಾರ. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಈ ಇಡೀ ಗುಂಪಿನ ಮೇಲೆ ಎಚ್ಚರಿಕೆ ಕೊಟ್ಟಿತು: ಕೆಲವು ನಾಯಿ ಬೆಕ್ಕುಗಳಲ್ಲಿ ನಡುಕ, ತೂರಾಟ, ಫಿಟ್ಸ್. ಹೆಚ್ಚಿನ ಪ್ರಾಣಿಗಳಿಗೆ ಸುರಕ್ಷಿತವೇ ಅಂತಲೂ ಅದೇ ಎಚ್ಚರಿಕೆ ಹೇಳಿತು. ಎರಡೂ ವಾಕ್ಯ ನಿಜ. ಫಾರ್ವರ್ಡ್ ಮಾಡೋರು ಒಂದನ್ನ ಮಾತ್ರ ಕಳಿಸ್ತಾರೆ.

ಹಾಗಾದ್ರೆ ಮದ್ದೇ ಬೇಡವಾ? ಬರೀ ಚಿಗಟ ಆಗಿದ್ದರೆ ನಾನು ಹೌದು ಅಂದುಬಿಡ್ತಿದ್ದೆನೋ ಏನೋ. ಉಣುಗು ಇದೆಯಲ್ಲ. ಉಣುಗಿನಿಂದ ಬರೋ ಎರ್ಲಿಕಿಯಾ, ಬಬೇಸಿಯಾ ಜ್ವರ ನಾಯಿಯ ಜೀವ ತೆಗೆಯುತ್ತೆ. ತೀರ್ಥಹಳ್ಳಿಯ ಕಡೆಯವರಿಗೆ ಉಣುಗಿನ ಬಗ್ಗೆ ಪಾಠ ಬೇಕಿಲ್ಲ, ಮಂಗನ ಕಾಯಿಲೆ ಕಂಡ ನೆಲ. ಅದನ್ನ ಹರಡೋ ಉಣುಗು ಬೇರೆ, ಕಾಡಿನದು, ಆದರೂ ಅಮ್ಮನಿಗೆ ಉಣುಗು ಅಂದರೆ ಮುಖ ಬಿಗಿಯುತ್ತೆ.

ಅಮ್ಮನ ದಾರಿ ಏನಿತ್ತು ಅಂದ್ರೆ, ನಾಯಿ ಮಲಗೋ ಗೋಣಿಯನ್ನ ಕುದಿವ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕೋದು, ಕೆಳಗೆ ಲಕ್ಕಿ ಸೊಪ್ಪು ಹಾಸೋದು. ನಾನು ಇದನ್ನ ಹಳ್ಳಿ ಮದ್ದು ಅಂತ ತಳ್ಳಿಹಾಕಿದ್ದೆ. ಆದರೆ ನೋಡಿ, ನಾಯಿಯ ಮೈಮೇಲೆ ಕಾಣೋ ಚಿಗಟ ಒಟ್ಟು ಲೆಕ್ಕದಲ್ಲಿ ಶೇ. 5ರಷ್ಟು ಮಾತ್ರ. ಉಳಿದದ್ದು ಮೊಟ್ಟೆ, ಮರಿಹುಳ, ಗೂಡು ಆಗಿ ಹಾಸಿಗೆಯಲ್ಲಿ, ಸೋಫಾದ ಸಂದಿಯಲ್ಲಿ. ಗೂಡಿನೊಳಗಿನದ್ದು ತಿಂಗಳುಗಟ್ಟಲೆ ಕಾಯುತ್ತೆ, ಯಾರೋ ನಡೆದ ಅದುರು, ಮೈಯ ಬಿಸಿ ತಾಗಿದರೆ ಎದ್ದು ಬರುತ್ತೆ. ಊರಿಗೆ ಹೋಗಿ ಬಂದು ಬೀಗ ತೆಗೆದ ದಿನವೇ ಚಿಗಟ ಮುತ್ತಿಕೊಳ್ಳೋದು ಇದಕ್ಕೇ. ಅಂದರೆ ಅಮ್ಮನ ಕುದಿನೀರು ಹೊಡೆಯುತ್ತಿದ್ದದ್ದು ಆ 95ಕ್ಕೆ, ನನ್ನ ಮಾತ್ರೆ ಈ 5ಕ್ಕೆ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು 2007ರಲ್ಲಿ ವ್ಯಾಕ್ಯೂಮ್ ಕ್ಲೀನರ್ ಪರೀಕ್ಷಿಸಿದಾಗ, ಒಳಗೆ ಎಳೆದ ದೊಡ್ಡ ಚಿಗಟಗಳಲ್ಲಿ ಸರಾಸರಿ ಶೇ. 96 ಸತ್ತಿದ್ದವು, ಎಳೆಯವು ಎಲ್ಲವೂ.

ಮನೆಮದ್ದೆಲ್ಲ ಒಳ್ಳೆಯದು ಅಂತಲ್ಲ. ಬೆಳ್ಳುಳ್ಳಿ ತಿನ್ನಿಸಿದರೆ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಟೀ ಟ್ರೀ ಎಣ್ಣೆ, ಸೀಮೆಎಣ್ಣೆ, ಕರ್ಪೂರ ಹತ್ರ ತರಬೇಡಿ. ಸೀತಾಫಲದ ಬೀಜದ ಪುಡಿ ಹೇನಿಗೆ ಆಗುತ್ತೆ ಅಂತ ನಾಯಿಗೆ ಹಚ್ಚಿದರೆ, ಕಣ್ಣಿಗೆ ಬಿದ್ದಾಗ ಗತಿ ಏನು?

ಕರಿಯ ಈಗ ಆರಾಮಾಗಿದ್ದಾನೆ. "ಮಾತ್ರೆಯಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲ, ಅಲ್ಲ ಅಂತಲೂ ಹೇಳಕ್ಕಾಗಲ್ಲ" ಅಂದರು ಡಾಕ್ಟರು, ಆ ಗುಂಪಿನದ್ದೇ ಬೇಡ ಅಂತ ಬೇರೆ ಮದ್ದು ಬರೆದುಕೊಟ್ಟರು. ಅದನ್ನ ಹಾಕಿದ ಮೊದಲ ರಾತ್ರಿ ನಾನು ಹಾಲ್‌ನಲ್ಲಿ ಅವನ ಪಕ್ಕ ಚಾಪೆ ಹಾಕ್ಕೊಂಡು ಮಲಗಿದ್ದೆ. ಅವನು ಗೊರಕೆ ಹೊಡೆದ, ನಾನು ಹೊಡೆಯಲಿಲ್ಲ. ಭಾನುವಾರ ಭಾನುವಾರ ಸೋಫಾ ಎಳೆದು ವ್ಯಾಕ್ಯೂಮ್, ಅವನ ಹಾಸಿಗೆಗೆ ಬಿಸಿನೀರು, ಆಮೇಲೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಸೋಪಿನ ನೀರಿಗೆ. ಲಕ್ಕಿ ಸೊಪ್ಪನ್ನ ಅಮ್ಮ ಹೋದ ತಿಂಗಳು ಬಸ್ಸಿನಲ್ಲಿ ಕಳಿಸಿದ್ದಳು. ಪುಣೆ ಮುಟ್ಟುವಷ್ಟರಲ್ಲಿ ಬಾಡಿತ್ತು, ಆದರೂ ಹಾಸಿದ್ದೀನಿ.