ಹಾವುಗೆ ಮೆಟ್ಟಿದ ಅಕ್ಷರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಕಾಗದದ ಗಂಟನ್ನು ಬಿಚ್ಚಿದರೆ, ಟೈಪ್‌ರೈಟರಿನಲ್ಲಿ ಒತ್ತಿದ ಇಂಗ್ಲಿಷ್ ಹಾಳೆಯೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಆ ಅಕ್ಷರಗಳನ್ನು ಕೊಂಚ ನಿಧಾನಿಸಿ ನೋಡಬೇಕು. ಗೆರೆಗಳ ಕೊನೆಯಲ್ಲಿ ದಪ್ಪನಾದ, ಚಚ್ಚೌಕವಾದ ಅಡ್ಡಪಟ್ಟಿ. ಅಕ್ಷರವು ಮರದ ಹಾವುಗೆ ಮೆಟ್ಟಿ ನಿಂತಂತೆ. ಮುದ್ರಣಕಾರರು ಇದನ್ನು ಸ್ಲ್ಯಾಬ್ ಸೆರಿಫ್ ಎಂದು ಕರೆಯುತ್ತಾರೆ.

ಈ ಜಾತಿಯ ಅಚ್ಚು ಹುಟ್ಟಿದುದು ಕಚೇರಿಗಾಗಿ ಅಲ್ಲ, ಬೀದಿಗಾಗಿ. ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಎಂಬಾತನು 1815ರ ಸುಮಾರಿಗೆ ಇದನ್ನು ‘ಆಂಟೀಕ್’ ಎಂಬ ಹೆಸರಿನಿಂದ ಹೊರತಂದನು. ಗೋಡೆಯ ಮೇಲಣ ಪ್ರಕಟಣೆಯು ದಾರಿಹೋಕನನ್ನು ಕೂಗಿ ಕರೆಯಬೇಕಾಗಿದ್ದ ಕಾಲ ಅದು. 1845ರಲ್ಲಿ ರಾಬರ್ಟ್ ಬೆಸ್ಲಿಯ ಅಚ್ಚುಸಾಲೆಯಿಂದ ‘ಕ್ಲಾರೆಂಡನ್’ ಹೊರಟಿತು. ನಿಘಂಟು ಮೊದಲಾದವುಗಳಲ್ಲಿ ಮುಖ್ಯ ಪದವು ಎದ್ದು ಕಾಣಲೆಂಬುದು ಅದರ ಉದ್ದೇಶ. ಮೂರು ವರ್ಷದ ಹಕ್ಕು ತೀರಿದೊಡನೆ ಉಳಿದವರು ಅದನ್ನು ನಿಸ್ಸಂಕೋಚವಾಗಿ ನಕಲುಮಾಡಿದರು. ಒಳ್ಳೆಯ ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಪ್ರಶಂಸೆ ಬೇಕಿಲ್ಲವಷ್ಟೆ!

ಟೈಪ್‌ರೈಟರಿಗೆ ಈ ಹಾವುಗೆ ಅಲಂಕಾರವಲ್ಲ, ಅಗತ್ಯ. ಯಂತ್ರವು ಪ್ರತಿಯೊಂದು ಅಕ್ಷರಕ್ಕೂ ಒಂದೇ ಅಗಲದ ಸ್ಥಳವನ್ನು ಕೊಡುತ್ತದೆ. ಐ, ಎಲ್ ಎಂಬ ಸಣಕಲು ಅಕ್ಷರಗಳು ಅಲ್ಲಿ ಒಂಟಿಕಂಬದಂತೆ ನಿಂತರೆ ಪದವೇ ಒಡೆದುಹೋಗುತ್ತದೆ. ಅಡ್ಡಪಟ್ಟಿಯು ಆ ಬರಿದನ್ನು ತುಂಬುತ್ತದೆ. ಗೆರೆಯೆಲ್ಲ ಸಮದಪ್ಪವಾದ್ದರಿಂದ ಕಾರ್ಬನ್ ಪ್ರತಿಯಲ್ಲಿಯೂ ಅಕ್ಷರ ಉಳಿಯುತ್ತದೆ.

ಈ ಯಂತ್ರಕ್ಕೆ ಕನ್ನಡವನ್ನು ಕೂಡಿಸುವುದು ಹೇಗೆ? ನಮ್ಮ ಅಕ್ಷರಕ್ಕೆ ಹಾವುಗೆಯಿಲ್ಲ, ತಲೆಕಟ್ಟುಂಟು, ಕಾಲಡಿಯಲ್ಲಿ ಒತ್ತಕ್ಷರವುಂಟು. ಅಚ್ಚುಕೂಟದ ಮೊಳೆ ಜೋಡಿಸುವವನ ಮುಂದೆ ಲೆಕ್ಕವಿಲ್ಲದಷ್ಟು ಗೂಡುಗಳಿದ್ದುವು. ಟೈಪ್‌ರೈಟರಿಗೆ ಇರುವುದು 45ರ ಆಸುಪಾಸಿನ ಕೀಲಿಗಳು. ಆದ್ದರಿಂದ ಅಕ್ಷರವನ್ನು ತುಂಡುತುಂಡಾಗಿ ಒತ್ತಿ ಕೂಡಿಸಬೇಕು. ಹುಣಸೂರಿನ ಹೊಳೆಯ ಹೆಸರನ್ನೇ ತೆಗೆದುಕೊಳ್ಳಿ: ಲಕ್ಷ್ಮಣತೀರ್ಥ. ಕಕಾರದ ಕೆಳಗೆ ಎರಡು ಒತ್ತು, ಕೊನೆಗೆ ಅರ್ಕಾವೊತ್ತು! ಇಂತಹ ಲಿಪಿಗೆ ಕೀಲಿಮಣೆಯನ್ನು ರೂಪಿಸಿದ ಕೆ. ಅನಂತಸುಬ್ಬರಾಯರ ಸಾಹಸವನ್ನು ನಾವು ಸಾಕಷ್ಟು ನೆನೆದಿಲ್ಲವೆಂದೇ ನನ್ನ ಎಣಿಕೆ.

ಇದು ಕೇವಲ ಅಂದಚಂದದ ಮಾತಲ್ಲ. ಒತ್ತು ಮಾಸಿದರೆ ‘ಹಳ್ಳಿ’ ಎಂಬುದು ‘ಹಳಿ’ಯಾದೀತು, ‘ಕಟ್ಟೆ’ಯು ‘ಕಟೆ’ಯಾದೀತು. ಊರಿನ ಹೆಸರೋ ಹಿಡುವಳಿದಾರನ ಹೆಸರೋ ಹೀಗೆ ಕೆಟ್ಟರೆ, ಜಮೀನಿನ ಒಡೆತನವನ್ನು ಸ್ಥಾಪಿಸುವುದೇ ಒಂದು ವ್ಯಾಜ್ಯ. ಇಂಗ್ಲಿಷ್ ಹಾಳೆ ಸ್ಫುಟವಾಗಿತ್ತು, ಆದರೆ ರೈತನಿಗೆ ಓದಲು ಬಾರದು. ಕನ್ನಡದ ಹಾಳೆ ಓದಲು ಬರುವುದು, ಆದರೆ ಸ್ಫುಟವಾಗಿಲ್ಲ. 1963ರಲ್ಲಿ ರಾಜಭಾಷಾ ಶಾಸನವು ಕನ್ನಡವನ್ನು ಆಡಳಿತದ ಭಾಷೆಯನ್ನಾಗಿ ಮಾಡಿತಾದರೂ, ಅಕ್ಷರದ ಈ ತೊಡಕು ಶಾಸನದಿಂದ ತೀರುವಂತಹುದಾಗಿರಲಿಲ್ಲ.

ಈಗ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನವನ್ನು ತಾವೇ ಸೇರುತ್ತವೆ. ಆದರೂ ಟೈಪಿನ ಹಳೆಯ ಕ್ರಯಪತ್ರವನ್ನು ಹಿಡಿದು ಬಂದವನು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ, ಳಕಾರದ ಕೆಳಗೆ ಒತ್ತಿದೆಯೋ ಇಲ್ಲವೋ ಎಂದು ಹುಡುಕುವುದು ತಪ್ಪಿಲ್ಲ.