ದೀಪಾವಳಿ ಹೊತ್ತಿಗೆ ಏರೋಪ್ಲೇನ್ ಚಿಟ್ಟೆ: ಕಾನಂಚಿನ ಜಡ್ಡಿಯಲ್ಲಿ ಹುಡುಕೋದು ಎಲ್ಲಿ, ಫೋಟೊ ತೆಗೆಯೋದು ಹೇಗೆ?

ಮಳೆ ಕಡಿಮೆಯಾಗಿ ಭತ್ತ ತೆನೆಯಾಗುವ ಹೊತ್ತಿಗೆ ಶಾಲೆ ಮೈದಾನದ ಮೇಲೆ ಗುಂಪಾಗಿ ಸುತ್ತುವ ಹಳದಿ ಏರೋಪ್ಲೇನ್ ಚಿಟ್ಟೆಯನ್ನು ಎಲ್ಲರೂ ನೋಡಿರ್ತಾರೆ. ಪ್ಯಾಂಟಾಲಾ ಫ್ಲೇವೆಸೆನ್ಸ್ ಅಂತ ಇದರ ಹೆಸರು. ಭಾರತದಿಂದ ಮಾಲ್ಡೀವ್ಸ್ ಮೇಲೆ ಹಾದು ಪೂರ್ವ ಆಫ್ರಿಕಾದವರೆಗೆ ಸಮುದ್ರ ದಾಟುತ್ತದೆ ಎಂದು ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದಿದ್ದರು. ಆದರೆ ಇದು ಕೂರೋದೇ ಅಪರೂಪ. ಫೋಟೊ ಬೇಕಿದ್ದರೆ ಕಾನಿನ ಕಡೆ ನಡೆಯಬೇಕು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ ಇದೆ. ಮರದ ಬೇರು ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದಿರುವ ಜಾಗ ಅದು. ಕಾಡಿನೊಳಗೆ ಇಳಿಯೋ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ. ಅಷ್ಟು ದೂರ ಬೇಡ ಅನ್ನೋರಿಗೆ ಊರಿನ ಕಾನಂಚಿನ ಹಳ್ಳ, ತೋಟದ ಪಕ್ಕದ ಕೆರೆಯೂ ಆಗುತ್ತೆ. ಉಂಬಳ ಇನ್ನೂ ಇರುತ್ತೆ, ಉಪ್ಪಿನ ಪೊಟ್ಟಣ ಮರೀಬೇಡಿ.

ನೆರಳಿನ ಹಳ್ಳದ ಬದಿ ಹಸಿರು ಲೋಹದಂತೆ ಹೊಳೆಯುವ ತೆಳ್ಳನೆ ಮೈಯವು ರೆಕ್ಕೆ ಮುಚ್ಚಿ ಎಲೆ ಮೇಲೆ ಕೂತಿರ್ತವೆ. ಇವು ವೆಸ್ಟಾಲಿಸ್ ಜಾತಿಯವು. ನೆರಳು ಕಡಿದರೆ ಇವುಗಳಿಗೆ ಜಾಗ ಇಲ್ಲ. ಬಿಸಿಲು ಬೀಳುವ ಕಡ್ಡಿ ತುದಿಯಲ್ಲಿ ಗುಲಾಬಿ-ನೇರಳೆ ಬಣ್ಣದ ಟ್ರೈಥೆಮಿಸ್ ಅರೋರಾ ಗಂಡು ಸಿಗಬಹುದು. ಕೇಸರಿ ಬಣ್ಣದ ಬ್ರಾಕಿಥೆಮಿಸ್ ಕಂಟಾಮಿನೇಟಾ ಮಾತ್ರ ಪೇಟೆ ಚರಂಡಿ ಸೇರುವ ಕೆರೆಯಲ್ಲೂ ಆರಾಮಾಗಿ ಇರುತ್ತೆ. ಒಂದು ಕೆರೆಯಲ್ಲಿ ಇದೊಂದೇ ಕಾಣ್ತಿದೆ ಅಂದ್ರೆ ನೀರಿನ ಬಗ್ಗೆ ಅನುಮಾನ ಪಡೋದು ಒಳ್ಳೇದು.

ದೊಡ್ಡ ಕ್ಯಾಮೆರಾ ಬೇಕೇ ಬೇಕು ಅಂತಿಲ್ಲ. ಬೆಳಗ್ಗೆ ಇಬ್ಬನಿ ಆರುವ ಮೊದಲು ಹೋದರೆ ಮೈ ಬಿಸಿಯಾಗಿರಲ್ಲ, ಬೇಗ ಹಾರಲ್ಲ. ಹಾರಿಹೋದರೂ ಬೆನ್ನಟ್ಟಬೇಡಿ: ಬಹುತೇಕ ಅದೇ ಕಡ್ಡಿಗೆ ವಾಪಸ್ ಬರುತ್ತೆ. ಅಷ್ಟರಲ್ಲಿ ನೀವು ಎರಡು ಹೆಜ್ಜೆ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಿರಿ. ನೆರಳು ಅದರ ಮೇಲೆ ಬೀಳಬಾರದು. ಮೊಬೈಲ್ ಪರದೆಯಲ್ಲಿ ಕಣ್ಣಿನ ಮೇಲೆ ಒತ್ತಿ ಫೋಕಸ್ ಮಾಡಿ, ಒಂದು ಪಕ್ಕದಿಂದ, ಒಂದು ಮೇಲಿನಿಂದ ತೆಗೆಯಿರಿ. ಜಾತಿ ಗುರುತಿಸೋಕೆ ಎರಡೂ ಬೇಕು. ಸುಡು ಬಿಸಿಲಲ್ಲಿ ಕೆಲವು ಬಾಲವನ್ನು ನೆಟ್ಟಗೆ ಸೂರ್ಯನ ಕಡೆ ಎತ್ತಿ ನಿಲ್ತವೆ. ಅದು ಮೈಗೆ ಬೀಳುವ ಬಿಸಿಲು ಕಡಿಮೆ ಮಾಡಿಕೊಳ್ಳೋ ಉಪಾಯ. ಬಾಲಕ್ಕೆ ದಾರ ಕಟ್ಟಿ ಹಾರಿಸೋ ಹಳೇ ಆಟ ಮಕ್ಕಳಿಗೆ ಕಲಿಸದಿದ್ದರೆ ಒಳ್ಳೇದು.

ಅಂಗಡಿ ಮುಂದೆ ನಿಂತ ಕಾರಿನ ಬಾನೆಟ್ಟಿಗೆ ಇವು ಬಾಲ ಕುಟ್ಟೋದನ್ನು ಹಲವರು ಕಂಡಿರಬಹುದು. ಹೊಳಪನ್ನು ನೀರು ಅಂತ ತಿಳಿದು ಮೊಟ್ಟೆ ಇಡೋಕೆ ನೋಡ್ತವೆ, ಆ ಮೊಟ್ಟೆ ದಂಡ. ನಿಜವಾದ ನೀರಲ್ಲಿ ಹುಟ್ಟಿದ ಮರಿ ಅಲ್ಲೇ ಸೊಳ್ಳೆಮರಿ ತಿಂದು ಬೆಳೆದು, ಹುಲ್ಲು ಹತ್ತಿ ಪೊರೆ ಬಿಟ್ಟು ಹಾರುತ್ತೆ. ಹುಲ್ಲಿಗೆ ಅಂಟಿದ ಆ ಒಣ ಪೊರೆ ಕಂಡರೆ ಅದರದ್ದೂ ಒಂದು ಫೋಟೊ ತೆಗೆದು, ತಾರೀಖು-ಜಾಗ ಬರೆದಿಡಿ. ಜಡ್ಡಿಗೆ ಮಣ್ಣು ತುಂಬಿಸೋ ಮಾತು ಗ್ರಾಮಸಭೆಗೆ ಬಂದ ದಿನ, ಇಲ್ಲಿ ಜೀವ ಇದೆ ಅಂತ ತೋರಿಸೋಕೆ ಅದು ಕೈಯಲ್ಲಿರುತ್ತೆ.