ಅಂಗಡಿ ಮುಂದಿನ ಕ್ಯೂಆರ್ ಕೋಡ್, ಊರಿನ ವಾಟ್ಸ್‌ಆ್ಯಪ್ ಗ್ರೂಪ್: ಸಣ್ಣ ವ್ಯಾಪಾರ ಬದಲಾದದ್ದು ಹೇಗೆ?

ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಯಾವ ಪೇಟೆಗೆ ಹೋದರೂ ಈಗ ಎರಡು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಒಂದು, "ಸ್ಕ್ಯಾನರ್ ಎಲ್ಲಿ ಉಂಟು?" ಇನ್ನೊಂದು, "ಗ್ರೂಪಿಗೆ ಹಾಕಿದ್ದೇನೆ, ನೋಡಿ". ಮೀನು ಮಾರುವವರಿಂದ ಹಿಡಿದು ಜಾತ್ರೆಯ ಚರುಮುರಿ ಗಾಡಿಯವರೆಗೆ ಎಲ್ಲರ ಬಳಿ ಚೌಕದ ಚಿತ್ರದ ಒಂದು ಸ್ಟಿಕ್ಕರ್ ಇದೆ. ದೇವಸ್ಥಾನದ ಹುಂಡಿಯ ಪಕ್ಕದಲ್ಲೂ ಇದೆ. ಹತ್ತು ವರ್ಷದ ಹಿಂದೆ ಇದ್ಯಾವುದೂ ಇರಲಿಲ್ಲ. ಇದು ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ, ಇದರಿಂದ ವ್ಯಾಪಾರಿಗೆ ಆದ ಲಾಭವೇನು, ಬಂದ ಆತಂಕವೇನು ಎಂಬ ಮಾಹಿತಿ ಇಲ್ಲಿದೆ.

ಕಾರ್ಖಾನೆಯಿಂದ ಕಿರಾಣಿ ಅಂಗಡಿಗೆ

ಕ್ಯೂಆರ್ ಕೋಡ್ ಹುಟ್ಟಿದ್ದು ಹಣ ಪಾವತಿಗಾಗಿ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರಾ ಮತ್ತವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ರೂಪಿಸಿತು. ಸಾಬೂನಿನ ಪೊಟ್ಟಣದ ಮೇಲಿರುವ ಗೆರೆಗೆರೆಯ ಬಾರ್‌ಕೋಡ್‌ನಲ್ಲಿ ಸುಮಾರು 20 ಅಕ್ಷರ ಮಾತ್ರ ಹಿಡಿಸುತ್ತಿತ್ತು. ಕ್ಯೂಆರ್ ಕೋಡ್‌ನಲ್ಲಿ 7,000ಕ್ಕೂ ಹೆಚ್ಚು ಅಂಕಿ ತುಂಬಬಹುದು. ಕಂಪನಿ ಪೇಟೆಂಟ್ ಪಡೆದಿದ್ದರೂ ಬಳಸುವವರಿಂದ ಹಣ ಕೇಳಲಿಲ್ಲ. ಇಂದು ಪೇಟೆಯ ಪ್ರಿಂಟಿಂಗ್ ಅಂಗಡಿಯಲ್ಲೂ ಕೋಡ್ ಮುದ್ರಿಸಿ ಕೊಡಲು ಸಾಧ್ಯವಾಗಿರುವುದು ಇದರಿಂದಲೇ.

ಇನ್ನು ಯುಪಿಐ. ಬ್ಯಾಂಕ್‌ಗಳ ನಡುವಿನ ಪಾವತಿ ವ್ಯವಸ್ಥೆ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆ 2008ರಲ್ಲಿ ಸ್ಥಾಪನೆಯಾಯಿತು. ಅದು ರೂಪಿಸಿದ ಯುಪಿಐಗೆ 2016ರ ಏಪ್ರಿಲ್ 11ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಚಾಲನೆ ನೀಡಿದರು. ಶುರುವಿಗೆ 21 ಬ್ಯಾಂಕ್‌ಗಳಿದ್ದವು. ಅದೇ ವರ್ಷ ನವೆಂಬರ್ 8ರಂದು ನೋಟು ರದ್ದತಿ ಬಂತು, ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು. ಬೆಂಗಳೂರಿನ ಫೋನ್‌ಪೇ ಕೂಡ ಅದೇ ವರ್ಷ ಯುಪಿಐಗೆ ಇಳಿಯಿತು. ಗೂಗಲ್ 2017ರ ಸೆಪ್ಟೆಂಬರ್‌ನಲ್ಲಿ 'ತೇಜ್' ಹೆಸರಿನಲ್ಲಿ ತಂದ ಆ್ಯಪ್ ಮರುವರ್ಷ ಗೂಗಲ್ ಪೇ ಆಯಿತು.

ಸಣ್ಣ ಅಂಗಡಿಯವರನ್ನು ನಿಜಕ್ಕೂ ಸೆಳೆದದ್ದು 2020ರ ಜನವರಿ 1ರ ನಿಯಮ. ಅಂದಿನಿಂದ ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ ಬರುವ ಹಣಕ್ಕೆ ವ್ಯಾಪಾರಿ ಕಮಿಷನ್ ಕೊಡಬೇಕಾಗಿಲ್ಲ. ಕಾರ್ಡ್ ಉಜ್ಜುವ ಯಂತ್ರಕ್ಕೆ ಬಾಡಿಗೆ, ಜತೆಗೆ ಶೇಕಡಾವಾರು ಕಡಿತ ಎಂದಿದ್ದ ಕಾಲದಲ್ಲಿ ಹತ್ತು ರೂಪಾಯಿಯ ಚಹಾಕ್ಕೆ ಯಾರೂ ಕಾರ್ಡ್ ತೆಗೆದುಕೊಳ್ಳುತ್ತಿರಲಿಲ್ಲ. ಸ್ಟಿಕ್ಕರ್‌ಗೆ ಖರ್ಚೇ ಇಲ್ಲ. ಕೆಲವೇ ತಿಂಗಳಲ್ಲಿ ಕೊರೊನಾ ಬಂತು, ನೋಟು ಮುಟ್ಟಲು ಜನ ಹೆದರಿದರು. 2023ರ ಆಗಸ್ಟ್‌ನಲ್ಲಿ ದೇಶದ ಯುಪಿಐ ವಹಿವಾಟಿನ ಸಂಖ್ಯೆ ಮೊದಲ ಬಾರಿ ತಿಂಗಳಿಗೆ 1,000 ಕೋಟಿ ದಾಟಿತು. 2025ರ ಆಗಸ್ಟ್‌ನಲ್ಲಿ 2,000 ಕೋಟಿ ದಾಟಿತು.

ಹಣ ಹೋಗುವ ದಾರಿ

ಗಿರಾಕಿ ಕೋಡ್ ಸ್ಕ್ಯಾನ್ ಮಾಡಿದಾಗ ಅದರಲ್ಲಿರುವ ಅಂಗಡಿಯ ಯುಪಿಐ ವಿಳಾಸ ಫೋನಿಗೆ ಸಿಗುತ್ತದೆ, ಅಷ್ಟೇ. ಕೋಡ್‌ನಲ್ಲಿ ಹಣವೂ ಇಲ್ಲ, ಪಾಸ್‌ವರ್ಡ್ ಕೂಡ ಇಲ್ಲ. ಪಿನ್ ಹಾಕಿದ ಕೂಡಲೇ ಸೂಚನೆ ಎನ್‌ಪಿಸಿಐಗೆ ಹೋಗಿ, ಅಲ್ಲಿಂದ ಗಿರಾಕಿಯ ಬ್ಯಾಂಕ್‌ನಲ್ಲಿ ಕಡಿತ, ಅಂಗಡಿಯವರ ಬ್ಯಾಂಕ್‌ನಲ್ಲಿ ಜಮೆ ಆಗುತ್ತದೆ. ನಡುವೆ ನಾಲ್ಕೈದು ಕಡೆ ಕಂಪ್ಯೂಟರ್‌ಗಳು ಮಾತಾಡಿಕೊಳ್ಳಬೇಕು. ಎಲ್ಲಿ ತಡವಾದರೂ "ಕಟ್ ಆಗಿದೆ, ಬಂದಿಲ್ಲ" ಎಂಬ ಜಗಳ ಶುರು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಕೈಕೊಡುವ ಮಲೆ ಬದಿಯ ಊರುಗಳಲ್ಲಿ ಇದು ಹೊಸತಲ್ಲ.

ಇದಕ್ಕೆ ರಿಸರ್ವ್ ಬ್ಯಾಂಕ್ 2019ರಲ್ಲೇ ಗಡುವು ಹಾಕಿದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ ವಾಪಸ್ ಆಗಬೇಕು. ಅಂಗಡಿಗೆ ಮಾಡಿದ ಪಾವತಿಯಾದರೆ ಐದು ದಿನದೊಳಗೆ. ಅದಕ್ಕೂ ತಡವಾದರೆ ದಿನಕ್ಕೆ 100 ರೂ. ಪರಿಹಾರವನ್ನು ಬ್ಯಾಂಕ್ ಕೊಡಬೇಕು. ಇದನ್ನು ಕೇಳಿ ಪಡೆಯುವವರು ಬಹಳ ಕಡಿಮೆ.

ಅಂಗಡಿಯಲ್ಲಿ "ಐವತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೂಗುವ ಪೆಟ್ಟಿಗೆಗೆ ಸೌಂಡ್‌ಬಾಕ್ಸ್ ಎನ್ನುತ್ತಾರೆ. ಅದರೊಳಗೆ ಬೇರೆಯೇ ಸಿಮ್ ಇರುತ್ತದೆ. ಗಿರಾಕಿಯ ಫೋನಿಗೂ ಅದಕ್ಕೂ ಸಂಬಂಧವಿಲ್ಲ, ಹಣ ಜಮೆಯಾದ ಸುದ್ದಿ ಕಂಪನಿಯ ಸರ್ವರ್‌ನಿಂದ ಬಂದರೆ ಮಾತ್ರ ಕೂಗುತ್ತದೆ. ಹಾಗಾಗಿ ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವ ಆಟ ಅದರ ಮುಂದೆ ನಡೆಯುವುದಿಲ್ಲ. ತಿಂಗಳ ಬಾಡಿಗೆ ಇದ್ದರೂ ಸಂಜೆ ಹೊತ್ತಿನ ರಶ್ಶಿನಲ್ಲಿ ಒಬ್ಬರೇ ನಿಭಾಯಿಸುವ ಅಂಗಡಿಗೆ ಅದು ಉಪಕಾರವೇ.

ಚಿಲ್ಲರೆ ಸಮಸ್ಯೆ ಹೋಯಿತು. ಚಿಲ್ಲರೆ ಇಲ್ಲ ಅಂತ ಕೈಗೆ ಹಾಕುತ್ತಿದ್ದ ಚಾಕಲೇಟ್ ಕೂಡ ಹೋಯಿತು. ಸಾಲದ ಪುಸ್ತಕ ಮಾತ್ರ ಹೋಗಿಲ್ಲ. ಅಡಿಕೆ ಮಾರಿದ ಮೇಲೆ ಕೊಡುವ ಲೆಕ್ಕ ಈಗಲೂ ಬರವಣಿಗೆಯಲ್ಲೇ ಇದೆ, ಕೊಡುವಾಗ ಸ್ಕ್ಯಾನ್ ಮಾಡುತ್ತಾರೆ ಅಷ್ಟೇ.

ಗ್ರೂಪ್ ಕಟ್ಟಿದ ಮಾರುಕಟ್ಟೆ

ಪಾವತಿ ಒಂದು ಕಡೆಯಾದರೆ ಗಿರಾಕಿಯನ್ನು ಹುಡುಕುವ ಕೆಲಸ ವಾಟ್ಸ್‌ಆ್ಯಪ್‌ಗೆ ಬಂತು. 2018ರ ಜನವರಿಯಲ್ಲಿ ವ್ಯಾಪಾರಿಗಳಿಗೆಂದೇ ವಾಟ್ಸ್‌ಆ್ಯಪ್ ಬಿಸಿನೆಸ್ ಬಂತು. ಅದರಲ್ಲಿ ಮಾಲಿನ ಫೋಟೊ, ದರ ಹಾಕಿ ಕ್ಯಾಟಲಾಗ್ ಮಾಡಬಹುದು. ಒಂದು ಗ್ರೂಪಿಗೆ 256 ಜನ ಎಂದಿದ್ದ ಮಿತಿ 2022ರಲ್ಲಿ ಮೊದಲು 512, ಆಮೇಲೆ 1,024 ಆಯಿತು.

ಇಂಥ ಗ್ರೂಪಿನಿಂದ ಏನಾಗಬಹುದು ಎಂಬುದಕ್ಕೆ ಕರಾವಳಿಯಲ್ಲೇ ಒಳ್ಳೆಯ ಉದಾಹರಣೆ ಇದೆ. 2021ರ ಲಾಕ್‌ಡೌನ್ ಸಮಯದಲ್ಲಿ ಬಾಳೆಕಾಯಿ ಕೇಳುವವರಿಲ್ಲದೆ ಕೃಷಿಕರು ಸೋತಿದ್ದರು. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕ ಶ್ರೀಪಡ್ರೆ ಅವರು ಬಾಳೆಕಾಯಿ ಒಣಗಿಸಿ ಹುಡಿ ಮಾಡುವ ವಿಷಯವನ್ನು ಎತ್ತಿಕೊಂಡರು. ಬಾಳೆಕಾಯಿ ಹುಡಿಗೆ 'ಬಾಕಾಹು' ಎಂಬ ಚುಟುಕು ಹೆಸರು ಬಿತ್ತು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ, ಮನೆಯಲ್ಲೇ ಪ್ರಯೋಗಿಸಿ ಫೋಟೊ ಹಾಕತೊಡಗಿದರು. ದೋಸೆ ಬಂತು, ಗುಲಾಬ್ ಜಾಮೂನು ಬಂತು. ಹೇಗೆ ಒಣಗಿಸುವುದು, ಯಾವ ತಳಿಯ ಕಾಯಿ ಆದೀತು ಎಂಬ ಪ್ರಶ್ನೆಗಳಿಗೆ ಉತ್ತರವೂ ಅಲ್ಲೇ. 2021ರ ಜುಲೈ 25ರ 'ಮನದ ಮಾತು' ಕಾರ್ಯಕ್ರಮದಲ್ಲಿ ಪ್ರಧಾನಿ ನರೇಂದ್ರ ಮೋದಿ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಮಹಿಳೆಯರ ಈ ಕೆಲಸವನ್ನು ಪ್ರಸ್ತಾಪಿಸಿದರು.

ಇಲ್ಲಿ ಗಮನಿಸಬೇಕಾದ್ದು, ಯಾರೂ ಹೊಸ ಆ್ಯಪ್ ಮಾಡಲಿಲ್ಲ. ಕೃಷಿಕರಿಗೆ ಮೊದಲೇ ನಂಬಿಕೆ ಇದ್ದ ಪತ್ರಿಕೆ ಮತ್ತು ಎಲ್ಲರ ಕೈಯಲ್ಲಿದ್ದ ಫೋನು ಸೇರಿದ್ದರಿಂದ ಇದು ನಡೆಯಿತು. ನಂಬಿಕೆ ಇಲ್ಲದ ಗ್ರೂಪಿನಲ್ಲಿ ಸಾವಿರ ಜನ ಇದ್ದರೂ "ಗುಡ್ ಮಾರ್ನಿಂಗ್" ಬಿಟ್ಟರೆ ಬೇರೆ ಏನೂ ಬರುವುದಿಲ್ಲ.

ಅಡಿಕೆ ದರದ ಗ್ರೂಪ್‌ಗಳದ್ದೂ ಇದೇ ಕತೆ. ಕ್ಯಾಂಪ್ಕೊ ದರ, ಖಾಸಗಿಯವರ ದರ, ಹೊಸ ಅಡಿಕೆ, ಸಿಂಗಲ್ ಚೋಲು, ಡಬಲ್ ಚೋಲು ಎಲ್ಲ ಬೆಳಗ್ಗೆಯೇ ಫೋನಿಗೆ ಬರುತ್ತದೆ. ಮೊದಲು ಪೇಟೆಗೆ ಹೋದ ಮೇಲೆ ಗೊತ್ತಾಗುತ್ತಿದ್ದ ಸಂಗತಿ ಈಗ ಅಂಗಳದಲ್ಲೇ ತಿಳಿಯುವುದರಿಂದ ಚೌಕಾಶಿಗೆ ಬಲ ಬಂದಿದೆ. ಆದರೆ ಯಾವುದೋ ಹಳೇ ಸಂದೇಶ ತಿರುಗಿ ಬಂದು "ದರ ಬಿತ್ತು" ಎಂಬ ಗಾಬರಿಗೆ ಕಾರಣವಾಗುವುದೂ ಉಂಟು. ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಬಾರದೆಂಬ ಮಿತಿ 2018ರಲ್ಲಿ ಭಾರತದಲ್ಲಿ ಬಂದದ್ದು ವದಂತಿ ತಡೆಯಲಿಕ್ಕೇ.

ಸರ್ಕಾರದ ಬೆಂಬಲದ ಒಎನ್‌ಡಿಸಿ ಜಾಲ 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನಲ್ಲಿ ಸಾರ್ವಜನಿಕ ಪ್ರಯೋಗ ಶುರು ಮಾಡಿತು. ಗಿರಾಕಿ ಒಂದು ಆ್ಯಪ್‌ನಲ್ಲಿ, ಅಂಗಡಿಯವರು ಇನ್ನೊಂದರಲ್ಲಿ ಇದ್ದರೂ ವ್ಯಾಪಾರ ನಡೆಯಬೇಕು ಎಂಬುದು ಅದರ ಲೆಕ್ಕ. ಆಟೊ ಚಾಲಕರ 'ನಮ್ಮ ಯಾತ್ರಿ' ಅದೇ ದಾರಿಯದ್ದು. ಪ್ರತಿ ಟ್ರಿಪ್‌ಗೆ ಶೇಕಡಾವಾರು ಕಮಿಷನ್ ಇಲ್ಲ. ಸಣ್ಣ ಪೇಟೆಯಲ್ಲಿ ಮಾತ್ರ ಗಿರಾಕಿ ಆ್ಯಪ್ ತೆರೆಯುವ ಮೊದಲು ಅಂಗಡಿಗೆ ಫೋನ್ ಮಾಡುತ್ತಾನೆ.

2025ರ ಜುಲೈ: ಸ್ಟಿಕ್ಕರ್ ಕಿತ್ತ ದಿನಗಳು

ಎಲ್ಲ ಸರಾಗವಾಗಿ ಹೋಗುತ್ತಿದ್ದಾಗ 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿ ಕಾಣಿಸಿಕೊಂಡಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ಮಾಹಿತಿ ತರಿಸಿಕೊಂಡು, ಮಿತಿ ಮೀರಿದರೂ ಜಿಎಸ್‌ಟಿ ನೋಂದಣಿ ಮಾಡಿಸದ ಸುಮಾರು 14,000 ವ್ಯಾಪಾರಿಗಳನ್ನು ಗುರುತಿಸಿ ನೋಟಿಸ್ ಕಳಿಸತೊಡಗಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ರೂ. ವಹಿವಾಟಿಗೆ 29 ಲಕ್ಷ ರೂ. ಕಟ್ಟುವಂತೆ ನೋಟಿಸ್ ಬಂದದ್ದು ರಾಜ್ಯದೆಲ್ಲೆಡೆ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ!

ವ್ಯಾಪಾರಿಗಳು ಜುಲೈ 25ಕ್ಕೆ ಬಂದ್‌ಗೆ ಕರೆ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಅರ್ಹರು ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದರು. ಬಂದ್ ಕೈಬಿಡಲಾಯಿತು.

ಆ ಹೊತ್ತಿಗೆ ನಮ್ಮ ಕಡೆಯ ಪೇಟೆಗಳಲ್ಲೂ "ಸ್ಕ್ಯಾನರ್ ತೆಗೆದರೆ ಸಾಕು" ಎಂಬ ಸಲಹೆ ಗ್ರೂಪ್‌ಗಳಲ್ಲಿ ಹರಿದಾಡಿತು. ಅದು ಸರಿಯಲ್ಲ. ಕಾನೂನಿಗೆ ಬೇಕಾದ್ದು ಒಟ್ಟು ವಹಿವಾಟು. ನಗದು, ಚೆಕ್, ಯುಪಿಐ ಎಲ್ಲ ಅದರಲ್ಲಿ ಬರುತ್ತದೆ. ಹೆಂಡತಿಯ ಇಲ್ಲವೇ ತಮ್ಮನ ಖಾತೆಯ ಕೋಡ್ ಅಂಟಿಸಿದರೆ ಆ ಖಾತೆಯವರು ಲೆಕ್ಕ ಕೊಡಬೇಕಾಗುತ್ತದೆ.

ನಿಯಮ ಹೀಗಿದೆ. ವಸ್ತುಗಳನ್ನಷ್ಟೇ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂ., ಸೇವೆ ಕೊಡುವವರಿಗೆ 20 ಲಕ್ಷ ರೂ. ಮಿತಿ. ಹೋಟೆಲ್, ಚಹಾ-ತಿಂಡಿಯ ಅಂಗಡಿ ಸೇವೆಯ ಲೆಕ್ಕಕ್ಕೆ ಬರುವುದರಿಂದ ಅವರಿಗೆ 20 ಲಕ್ಷವೇ. ದಿನದ ಲೆಕ್ಕಕ್ಕೆ ತಂದರೆ ಸುಮಾರು 5,480 ರೂ. ಬಸ್ ಸ್ಟ್ಯಾಂಡ್ ಬಳಿಯ ಹೋಟೆಲಿಗೆ ಅದು ದೊಡ್ಡ ಮೊತ್ತವಲ್ಲ. ಹಾಲು, ತಾಜಾ ತರಕಾರಿ, ಹಣ್ಣಿನಂಥ ತೆರಿಗೆಮುಕ್ತ ಮಾಲು ಮಾತ್ರ ಮಾರುವವರಿಗೆ ಎಷ್ಟೇ ವ್ಯಾಪಾರವಾದರೂ ನೋಂದಣಿ ಬೇಡ. ತರಕಾರಿಯ ಜತೆ ಬಿಸ್ಕತ್ತು, ಸೋಪು ಇಟ್ಟರೆ ಒಟ್ಟು ವಹಿವಾಟು ಲೆಕ್ಕಕ್ಕೆ ಬರುತ್ತದೆ, ತೆರಿಗೆ ಮಾತ್ರ ಬಿಸ್ಕತ್ತು, ಸೋಪಿನದ್ದಕ್ಕೇ.

ವರ್ಷಕ್ಕೆ 1.5 ಕೋಟಿ ರೂ.ವರೆಗಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿ, ಅಂದರೆ ಕಾಂಪೊಸಿಷನ್ ಸ್ಕೀಮ್ ಇದೆ. ಅಂಗಡಿಯವರಿಗೆ ಶೇ 1, ಹೋಟೆಲಿನವರಿಗೆ ಶೇ 5. ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಗಿರಾಕಿಯಿಂದ ಈ ತೆರಿಗೆ ವಸೂಲಿ ಮಾಡುವಂತಿಲ್ಲ.

ಗಡಿ ಜಿಲ್ಲೆಯವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ತೆರಿಗೆ ಇರುವ ಮಾಲನ್ನು ಬೇರೆ ರಾಜ್ಯಕ್ಕೆ ಕಳಿಸಿ ಮಾರುವವರಿಗೆ 40 ಲಕ್ಷದ ವಿನಾಯಿತಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಮೊದಲ ಮಾರಾಟಕ್ಕೇ ನೋಂದಣಿ ಬೇಕು. ರಾಜಿ ತೆರಿಗೆಯವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ಕಾಸರಗೋಡು ನಮಗೆ ಪಕ್ಕದ ಊರಾದರೂ ಜಿಎಸ್‌ಟಿಗೆ ಅದು ಕೇರಳ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹಿಡಿದು ಮುಂಬೈಗೆ ಕೊರಿಯರ್ ಮಾಡುವ ಮನೆ ಉದ್ಯಮದವರು ಇದನ್ನು ತೆರಿಗೆ ಸಲಹೆಗಾರರ ಬಳಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನೋಟಿಸ್ ಬಂದರೆ ಸುಮ್ಮನೆ ಕೂರಬಾರದು. ಯುಪಿಐಯಲ್ಲಿ ಬಂದದ್ದೆಲ್ಲ ವ್ಯಾಪಾರವಲ್ಲ. ಮಗ ಕಳಿಸಿದ ಹಣ, ಚಿಟ್ ಫಂಡ್ ದುಡ್ಡು, ಕೈಸಾಲ ಎಲ್ಲ ಅದೇ ಖಾತೆಗೆ ಬಿದ್ದಿರುತ್ತದೆ. ಖರೀದಿ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ಬಿಡಿಸಿ ತೋರಿಸಿದರೆ ಮೊತ್ತ ಇಳಿಯುತ್ತದೆ. ಅಂಗಡಿಗೆ ಒಂದು, ಮನೆಗೆ ಒಂದು ಖಾತೆ ಇಟ್ಟವರಿಗೆ ಈ ತಲೆನೋವೇ ಕಡಿಮೆ.

ಮೋಸದ ದಾರಿಗಳು

ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ, ಕೊಡಲು ಮಾತ್ರ ಹಾಕಬೇಕು. ಇಷ್ಟು ನೆನಪಿದ್ದರೆ ಅರ್ಧ ಮೋಸ ತಪ್ಪುತ್ತದೆ. "ದುಡ್ಡು ಕಳಿಸಿದ್ದೇನೆ, ಒಪ್ಪಿಗೆ ಕೊಡಿ" ಎಂದು ಕೋರಿಕೆ ಕಳಿಸಿ ವಂಚಿಸುವುದು ಹೆಚ್ಚಾದ್ದರಿಂದ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ಎನ್‌ಪಿಸಿಐ ನಿಲ್ಲಿಸಿತು. ಅಂಗಡಿಯ ಸ್ಟಿಕ್ಕರ್ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸುವುದು ಇನ್ನೊಂದು ಆಟ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ತಮ್ಮದೇ ಕೋಡ್ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿಕೊಂಡರೆ ಸಾಕು.

ಹೆಚ್ಚು ಕಷ್ಟ ಕೊಡುವುದು ಖಾತೆ ಸ್ಥಗಿತ. ಎಲ್ಲೋ ಯಾರನ್ನೋ ವಂಚಿಸಿದವನು ಬಂದು ಅಂಗಡಿಯಲ್ಲಿ ಐನೂರು ರೂಪಾಯಿಯ ಸಾಮಾನು ಕೊಂಡರೆ, ಆ ಹಣದ ಜಾಡು ಹಿಡಿದ ಹೊರರಾಜ್ಯದ ಪೊಲೀಸರ ಸೂಚನೆಯಂತೆ ಬ್ಯಾಂಕ್ ಅಂಗಡಿಯವರ ಖಾತೆಯನ್ನು ತಡೆಹಿಡಿಯಬಹುದು. ಆಗ ಯಾವ ವಹಿವಾಟು, ಯಾವ ಠಾಣೆ, ದೂರಿನ ಸಂಖ್ಯೆ ಏನು ಎಂಬುದನ್ನು ಬ್ಯಾಂಕ್‌ನಿಂದ ಬರಹದಲ್ಲಿ ಪಡೆದು, ಆ ದಿನದ ಮಾರಾಟದ ಬಿಲ್ಲಿನ ಪ್ರತಿಯೊಂದಿಗೆ ಆ ಠಾಣೆಗೆ ಉತ್ತರಿಸಬೇಕು. ಖಾತೆಯನ್ನು ಪೂರ್ತಿ ತಡೆಯುವ ಬದಲು ವಿವಾದದ ಮೊತ್ತವನ್ನಷ್ಟೇ ಹಿಡಿದಿಡುವಂತೆ ಬ್ಯಾಂಕ್‌ಗೆ ಮನವಿ ಕೊಡಬಹುದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯಲು ಸಿಗುವ ಸಮಯ ಬಹಳ ಕಡಿಮೆ.